ತೀರ್ಥಹಳ್ಳಿಯಿಂದ ಯುರೋಪಿನ ಪಾರ್ಲಿಮೆಂಟಿಗೆ ಒಂದು ವೋಟು: ಅಂಚೆ ಮತ ಮತ್ತು ಸ್ಪೀಡ್ ಪೋಸ್ಟ್ ಬಗ್ಗೆ ನನ್ನ ಅನುಭವ

ನನ್ನ ಸೊಸೆ ಜರ್ಮನಿಯವಳು. 2024ರ ಮೇ ತಿಂಗಳಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಕೂತು ಅವಳು ಯುರೋಪಿನ ಪಾರ್ಲಿಮೆಂಟಿಗೆ ವೋಟು ಹಾಕಿದಳು. ಆ ವೋಟು ಇಲ್ಲಿಂದ ಮ್ಯೂನಿಕ್ ಹತ್ತಿರದ ಅವಳ ಊರಿಗೆ ಹೋಗಿ ಮುಟ್ಟಬೇಕಿತ್ತು. ಮುಟ್ಟಿತು. ಹೇಗೆ ಮುಟ್ಟಿತು, ಅದರಲ್ಲಿ ಯಾವ ಸೇವೆ ಚೆನ್ನಾಗಿತ್ತು, ಯಾವುದು ಕೈಕೊಟ್ಟಿತು ಎಂದು ಬರೆಯುತ್ತಿದ್ದೇನೆ. ಹೊರದೇಶದ ಸೊಸೆ, ಅಳಿಯ ಇರುವ ಮನೆಗಳು ನಮ್ಮ ಕಡೆ ಈಗ ಜಾಸ್ತಿ ಆಗುತ್ತಿವೆ. ಯಾರಿಗಾದರೂ ಉಪಯೋಗಕ್ಕೆ ಬರಲಿ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. 1986ರಲ್ಲಿ ಕೆಲಸಕ್ಕೆ ಸೇರಿದೆ, 2023ರಲ್ಲಿ ನಿವೃತ್ತಿಯಾಯಿತು. ಚುನಾವಣೆ ಬಂದಾಗಲೆಲ್ಲ ಡ್ಯೂಟಿ ಬೀಳುತ್ತಿತ್ತು. ಮೊದಲ ಡ್ಯೂಟಿ 1989ರ ನವೆಂಬರ್‌ನಲ್ಲಿ. ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ. 18 ತುಂಬಿದವರು ಲೋಕಸಭೆಗೆ ಮೊದಲ ಸಲ ವೋಟು ಹಾಕಿದ್ದೂ ಆಗಲೇ. ತಗಡಿನ ಪೆಟ್ಟಿಗೆ, ಕಾಗದದ ಬ್ಯಾಲೆಟ್, ಬಾಣದ ಗುರುತಿನ ರಬ್ಬರ್ ಸ್ಟಾಂಪು. ಕಾಗದವನ್ನು ಮೊದಲು ಉದ್ದಕ್ಕೆ ಮಡಚಿ, ಆಮೇಲೆ ಅಡ್ಡಕ್ಕೆ ಮಡಚಿ ಎಂದು ಬಂದವರಿಗೆಲ್ಲ ಹೇಳುತ್ತಿದ್ದೆವು. ಅಡ್ಡಕ್ಕೇ ಮೊದಲು ಮಡಚಿದರೆ ಹಸಿ ಇಂಕು ಇನ್ನೊಬ್ಬರ ಚಿಹ್ನೆಗೆ ಅಂಟಿ ವೋಟು ಕೆಟ್ಟುಹೋಗುತ್ತಿತ್ತು. ಕೊನೆಯ ಡ್ಯೂಟಿ 2023ರ ಮೇ 10ರ ವಿಧಾನಸಭೆ ಚುನಾವಣೆ. ಅಷ್ಟು ಹೊತ್ತಿಗೆ ಮಿಷನ್ನು, ವಿವಿಪ್ಯಾಟು ಎಲ್ಲ ಬಂದಾಗಿತ್ತು. ಆದರೂ ವೋಟಿನ ಕಾಗದ ಕೈಗೆ ಬಂದರೆ ನಾನು ಈಗಲೂ ಮೊದಲು ಸೆರಗಿಗೆ ಕೈ ಒರೆಸಿಕೊಳ್ಳುತ್ತೇನೆ.

2024ರ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಮೂರು ತರದ ವೋಟು ಆಯಿತು.

ಮೊದಲನೆಯದು ನಮ್ಮ ಅತ್ತೆಯದು. ಅವರಿಗೆ 88. ಎರಡು ವರ್ಷದಿಂದ ಹಾಸಿಗೆ ಬಿಟ್ಟು ಎದ್ದಿಲ್ಲ. ಈ ಸಲ 85 ದಾಟಿದವರಿಗೆ ಮನೆಯಲ್ಲೇ ವೋಟು ಹಾಕುವ ಅವಕಾಶ ಇತ್ತಲ್ಲ, 12ಡಿ ಫಾರ್ಮು ತುಂಬಿ ಕೊಟ್ಟಿದ್ದೆವು. ಸಿಬ್ಬಂದಿ ಮನೆಗೇ ಬಂದರು, ಜೊತೆಗೆ ಪೊಲೀಸರು, ವಿಡಿಯೋ ತೆಗೆಯುವ ಹುಡುಗ. ಮಂಚದ ಮುಂದೆ ರಟ್ಟಿನ ಮರೆ ಕಟ್ಟಿದರು. ಅತ್ತೆ ತಲೆ ಬಾಚಿಸಿಕೊಂಡು, ಒಳ್ಳೆ ಸೀರೆ ಉಡಿಸು ಎಂದು ನನ್ನ ಹತ್ತಿರ ಹಟ ಮಾಡಿ, ಆಮೇಲೆ ವೋಟು ಹಾಕಿದರು.

ಎರಡನೆಯದು ಮಗನದು. ಅವನು ಇನ್ನೂ ಭಾರತದ ಪ್ರಜೆ. 2010ರಲ್ಲಿ ಕಾನೂನು ತಿದ್ದಿದ ಮೇಲೆ ಹೊರದೇಶದಲ್ಲಿರುವ ನಮ್ಮವರೂ 6ಎ ಫಾರ್ಮು ತುಂಬಿ, ಪಾಸ್‌ಪೋರ್ಟಿನಲ್ಲಿರುವ ಇಲ್ಲಿನ ವಿಳಾಸದ ಊರಿನ ಮತದಾರರ ಪಟ್ಟಿಗೆ ಸೇರಬಹುದು. ಆದರೆ ವೋಟು ಹಾಕಲು ಖುದ್ದಾಗಿ ಬರಬೇಕು, ಅಸಲಿ ಪಾಸ್‌ಪೋರ್ಟ್ ತೋರಿಸಬೇಕು. ಮೇ 7ರಂದು ನಮ್ಮ ಶಿವಮೊಗ್ಗ ಕ್ಷೇತ್ರದ ಮತದಾನ. ಅದಕ್ಕೆ ಹೊಂದುವಂತೆ ರಜೆ ಹಾಕಿ ಇಬ್ಬರೂ ಬಂದಿದ್ದರು. ತಾನು ಓದಿದ ಪ್ರೈಮರಿ ಶಾಲೆಯಲ್ಲೇ ಸಾಲಿನಲ್ಲಿ ನಿಂತು, ಬೆರಳಿಗೆ ಮೈಸೂರಿನ ಶಾಯಿ ಹಚ್ಚಿಸಿಕೊಂಡು ಬಂದ. ಖುಷಿಯೇ. ಆದರೆ ಎಲ್ಲರಿಗೂ ಇದು ಆಗುವ ಮಾತಾ? ಆಗ ದೇಶದಲ್ಲಿ ಹೀಗೆ ಹೆಸರು ಸೇರಿಸಿಕೊಂಡಿದ್ದವರು 1.19 ಲಕ್ಷ. 2024ರಲ್ಲಿ ಬಂದು ವೋಟು ಹಾಕಿದವರು 3 ಸಾವಿರ ಕೂಡ ಇಲ್ಲ. ಅವರಲ್ಲೂ ಹೆಚ್ಚಿನವರು ಕೇರಳದವರು.

ಮೂರನೆಯದು ಸೊಸೆಯದು. ಮಗ ವೋಟನ್ನು ಹುಡುಕಿಕೊಂಡು ಏಳು ಸಾವಿರ ಕಿಲೋಮೀಟರ್ ಬಂದ. ಸೊಸೆಯ ವೋಟು ಅವಳನ್ನು ಹುಡುಕಿಕೊಂಡು ಅಷ್ಟೇ ದೂರ ಬಂತು.

ಈ ಚುನಾವಣೆ ಎಂತದ್ದು ಎಂದು ಅವಳೇ ನನಗೆ ಹೇಳಿಕೊಟ್ಟಳು. ಹಲಸಿನ ಹಪ್ಪಳಕ್ಕೆ ಸೊಳೆ ಬಿಡಿಸುತ್ತಾ ಕೂತಿದ್ದೆವು. ಯುರೋಪಿನ 27 ದೇಶ ಸೇರಿ ಒಂದು ಪಾರ್ಲಿಮೆಂಟು. 720 ಸೀಟು. ಐದು ವರ್ಷಕ್ಕೊಮ್ಮೆ ಚುನಾವಣೆ, ಜನರೇ ನೇರವಾಗಿ ಆರಿಸಲು ಶುರುವಾಗಿದ್ದು 1979ರಿಂದ. ಒಟ್ಟಿಗೆ ನಡೆದರೂ ಪ್ರತಿ ದೇಶ ತನ್ನ ಪಾಲಿನ ಸೀಟಿಗೆ ತನ್ನದೇ ಚುನಾವಣೆ ಮಾಡುತ್ತದೆ. 2024ರಲ್ಲಿ ಜೂನ್ 6ರಿಂದ 9ರವರೆಗೆ ಇತ್ತು. ನೆದರ್ಲೆಂಡ್ಸ್‌ನವರು ಗುರುವಾರವೇ ವೋಟು ಹಾಕಿದರು, ಐರ್ಲೆಂಡಿನವರು ಶುಕ್ರವಾರ, ಜರ್ಮನಿಯವರು ಭಾನುವಾರ.

ಜರ್ಮನಿಗೆ 96 ಸೀಟು. ಅದಕ್ಕಿಂತ ಜಾಸ್ತಿ ಯಾವ ದೇಶಕ್ಕೂ ಇಲ್ಲ. ಮಾಲ್ಟಾದಂಥ ಪುಟ್ಟ ದೇಶಕ್ಕೆ 6. ನಾನು ಲೆಕ್ಕದ ಟೀಚರ್ ಅಲ್ವಾ, ಅಲ್ಲೇ ಭಾಗಿಸಿ ನೋಡಿದೆ. ಜರ್ಮನಿಯಲ್ಲಿ ಎಂಟು ಲಕ್ಷಕ್ಕೂ ಜಾಸ್ತಿ ಜನಕ್ಕೆ ಒಬ್ಬ ಸದಸ್ಯರು. ಮಾಲ್ಟಾದಲ್ಲಿ ಒಂದು ಲಕ್ಷಕ್ಕೂ ಕಡಿಮೆ ಜನಕ್ಕೆ ಒಬ್ಬರು. ಮಾಲ್ಟಾ ಎಂದರೆ ನಮ್ಮ ಶಿವಮೊಗ್ಗ ಜಿಲ್ಲೆಯ ಮೂರನೇ ಒಂದು ಪಾಲಿನಷ್ಟು ಜನ. "ಇದು ನಿಮಗೆ ಅನ್ಯಾಯ ಅಲ್ವೇನೆ?" ಎಂದೆ. "ಅಮ್ಮ, ಅವರಿಗೆ ಎರಡೇ ಸೀಟು ಕೊಟ್ಟರೆ ಅವರು ಮಾತಾಡಿದ್ದು ಯಾರಿಗೆ ಕೇಳುತ್ತದೆ?" ಎಂದಳು. ಅಲ್ಲಿ 24 ಭಾಷೆಗಳು ಅಧಿಕೃತವಂತೆ. ಮಾಲ್ಟಾದವರು ಮಾಲ್ಟೀಸ್‌ನಲ್ಲೇ ಮಾತಾಡಬಹುದು, ಉಳಿದವರಿಗೆ ಅನುವಾದ ಮಾಡುವವರು ಇರುತ್ತಾರೆ. ನನಗೆ ಈ ಮಾತು ಬಹಳ ಹಿಡಿಸಿತು.

"ನಿಮ್ಮೂರಿಗೆ ಯಾರು ನಿಂತಿದ್ದಾರೆ?" ಎಂದು ಕೇಳಿದೆ. ಹಾಗೆ ಇಲ್ಲವೇ ಇಲ್ಲ. ಇಡೀ ಜರ್ಮನಿ ಒಂದೇ ಕ್ಷೇತ್ರ. ಪಕ್ಷಕ್ಕೆ ವೋಟು, ಒಬ್ಬರಿಗೆ ಒಂದೇ ವೋಟು. ಪಕ್ಷಕ್ಕೆ ಸಿಕ್ಕ ವೋಟಿನ ಪ್ರಮಾಣದಲ್ಲಿ ಸೀಟು ಹಂಚುತ್ತಾರೆ. ಇಷ್ಟು ಪರ್ಸೆಂಟ್ ಬಂದರೆ ಮಾತ್ರ ಸೀಟು ಎಂಬ ನಿಯಮ ಹಿಂದೆ ಇತ್ತಂತೆ. ಅಲ್ಲಿನ ಸಂವಿಧಾನ ನ್ಯಾಯಾಲಯ 2011ರಲ್ಲಿ 5 ಪರ್ಸೆಂಟಿನ ಮಿತಿ ತೆಗೆದುಹಾಕಿತು, 2014ರಲ್ಲಿ 3 ಪರ್ಸೆಂಟಿನದನ್ನೂ ತೆಗೆಯಿತು.

ಇನ್ನು ಸೇವೆಯ ವಿಷಯ. ಸೊಸೆ ಜರ್ಮನಿ ಬಿಡುವ ಮೊದಲೇ ಅಂಚೆ ಮತಕ್ಕೆ ಅರ್ಜಿ ಹಾಕಿ ನಮ್ಮ ಮನೆ ವಿಳಾಸ ಕೊಟ್ಟಿದ್ದಳು. ಯಾಕೆ ಬರಲು ಆಗುವುದಿಲ್ಲ ಎಂದು ಅಲ್ಲಿ ಕಾರಣ ಕೇಳುವುದಿಲ್ಲ. ಅಲ್ಲಿನ ಪುರಸಭೆಯವರು ಕಾಗದ ಕಳಿಸಿದರು. ಮೇ 20, ಸೋಮವಾರ, ನಮ್ಮ ಹಳ್ಳಿಯ ಪೋಸ್ಟ್‌ಮ್ಯಾನ್ ಕೊಡೆ ಮಡಚುತ್ತಾ ಜಗಲಿಗೆ ಬಂದು, "ಟೀಚರೇ, ಎಂತದೋ ಫಾರಿನ್ ಕಾಗದ, ನೆನೀಬಾರ್ದು ಅಂತ ಅಂಗಿಯೊಳಗೆ ಇಟ್ಕೊಂಡು ಬಂದೆ" ಎಂದ. ನಾನು ಈ ಸೇವೆಗೆ ಕೊಡುವ ಮೊದಲ ಅಂಕ ಅವನಿಗೆ.

ಕವರ್ ಒಡೆದು ಒಳಗಿನದನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡೆವು. ನನಗೆ ಮೈ ಜುಂ ಎಂದಿತು. ಯಾಕೆಂದರೆ ಆ ಜೋಡಣೆ ನನಗೆ ಗೊತ್ತಿದ್ದದ್ದೇ. ಡ್ಯೂಟಿಗೆ ಹೋಗುವ ನಮ್ಮಂಥವರು ನಮ್ಮ ವೋಟನ್ನು ಅಂಚೆ ಮತಪತ್ರದಲ್ಲೇ ಹಾಕುತ್ತಿದ್ದೆವು. 13ಎ ಎಂದರೆ ಘೋಷಣೆ. 13ಬಿ ಎಂದರೆ ಮತಪತ್ರ ಹಾಕುವ ಒಳಗಿನ ಕವರ್. 13ಸಿ ಎಂದರೆ ಇವೆರಡನ್ನೂ ಹಾಕುವ ಹೊರಗಿನ ಕವರ್. ಇಲ್ಲೂ ಹಾಗೇ. ಒಂದು ಮತಪತ್ರ, ಅದಕ್ಕೊಂದು ಒಳಗಿನ ಕವರ್, ಸಹಿ ಮಾಡಬೇಕಾದ ಒಂದು ಘೋಷಣೆ, ಎಲ್ಲ ಸೇರಿ ಹೋಗಲು ಒಂದು ಕೆಂಪು ಕವರ್. ಯಾರು ವೋಟು ಹಾಕಿದರು ಎಂದು ಗೊತ್ತಾಗಬೇಕು, ಯಾರಿಗೆ ಹಾಕಿದರು ಎಂದು ಗೊತ್ತಾಗಬಾರದು. ಅದಕ್ಕೇ ಕವರಿನೊಳಗೆ ಕವರ್. ಎರಡು ದೇಶದವರೂ ಒಂದೇ ಉಪಾಯ ಹುಡುಕಿದ್ದಾರೆ.

ಒಂದು ವ್ಯತ್ಯಾಸ ಇದೆ. ನಮ್ಮ 13ಎಗೆ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು. ಒಂದು ಸಹಿಗಾಗಿ ಊಟ ಬಿಟ್ಟು ಕಾದದ್ದು ನನಗೆ ನೆನಪಿದೆ. ಅಲ್ಲಿ ಮತದಾರರೇ "ಇದನ್ನು ನಾನೇ ಗುರುತು ಹಾಕಿದ್ದೇನೆ" ಎಂದು ಪ್ರಮಾಣ ಮಾಡಿ, ದಿನಾಂಕ ಬರೆದು ಸಹಿ ಹಾಕಿದರೆ ಸಾಕು. ಸುಳ್ಳು ಪ್ರಮಾಣ ಮಾಡಿದರೆ ಶಿಕ್ಷೆ ಇದೆ. ಜನರ ಮಾತನ್ನು ನಂಬಿ ನಡೆಸುವ ಈ ಪದ್ಧತಿ ನನಗೆ ಇಷ್ಟವಾಯಿತು.

ಮತಪತ್ರದ ಬಗ್ಗೆ ಸ್ವಲ್ಪ ಹೇಳಲೇಬೇಕು. ಮಡಿಕೆ ಬಿಚ್ಚಿದಷ್ಟೂ ಉದ್ದ. 34 ಪಟ್ಟಿಗಳು ಒಂದರ ಕೆಳಗೆ ಒಂದು. ಪ್ರತಿ ಪಕ್ಷದ ಹೆಸರಿನ ಜೊತೆ ಮೊದಲ ಹತ್ತು ಅಭ್ಯರ್ಥಿಗಳ ಹೆಸರು, ಬಲಗಡೆ ಒಂದು ಸೊನ್ನೆ. ಆ ಸೊನ್ನೆಯೊಳಗೆ ಪೆನ್ನಿನಲ್ಲಿ ಗುಣಾಕಾರದ ಗುರುತು ಹಾಕಬೇಕು. ಚಿಹ್ನೆಗಳು ಇಲ್ಲ. ನಮ್ಮ ತೋಟದ ಕೆಲಸಕ್ಕೆ ಬರುವ ಹೆಂಗಸರನ್ನು ನೆನೆಸಿಕೊಂಡೆ. ಚಿಹ್ನೆ ಇಲ್ಲದಿದ್ದರೆ ಅವರಲ್ಲಿ ಎಷ್ಟೋ ಜನಕ್ಕೆ ವೋಟೇ ಇಲ್ಲ.

ಕಾಗದದ ಬಲಗಡೆ ಮೇಲಿನ ಮೂಲೆ ಕತ್ತರಿಸಿತ್ತು. ನನ್ನ ಎದೆ ಧಸಕ್ಕೆಂದಿತು. ಹರಿದ ಮತಪತ್ರ ಕಳಿಸಿದ್ದಾರೆ, ಇದು ರದ್ದಾಗುತ್ತದೆ ಎಂದೇ ಅಂದುಕೊಂಡೆ. ಸೊಸೆ ನಕ್ಕಳು. ಕಣ್ಣು ಕಾಣದವರಿಗೆ ತೂತುಗಳಿರುವ ಒಂದು ರಟ್ಟಿನ ಅಚ್ಚು ಕೊಡುತ್ತಾರಂತೆ. ಆ ಅಚ್ಚಿನೊಳಗೆ ಮತಪತ್ರವನ್ನು ಸರಿಯಾಗಿ ಕೂರಿಸಲು ಯಾವ ಮೂಲೆ ಮೇಲೆ ಬರಬೇಕು ಎಂದು ಬೆರಳಿಗೆ ಗೊತ್ತಾಗಬೇಕಲ್ಲ, ಅದಕ್ಕೇ ಆ ಮೂಲೆ ಕತ್ತರಿಸುವುದು. ಎಲ್ಲರ ಕಾಗದಕ್ಕೂ ಹಾಗೇ ಇರುತ್ತದೆ. ನಮ್ಮ ಮಿಷನ್ನಿನಲ್ಲೂ ನೀಲಿ ಗುಂಡಿಗಳ ಪಕ್ಕ ಬ್ರೈಲ್ ಅಂಕಿ ಇರುತ್ತದೆ. ಒಮ್ಮೆ ನನ್ನ ಬೂತಿನಲ್ಲಿ ಕಣ್ಣು ಕಾಣದ ಒಬ್ಬರು ಯಾರ ಸಹಾಯವನ್ನೂ ಪಡೆಯದೆ ಅದನ್ನು ಮುಟ್ಟಿ ನೋಡಿ ವೋಟು ಹಾಕಿದ್ದರು. ಆ ಮೂಲೆಯನ್ನು ನಾನು ಎರಡು ಸಲ ಬೆರಳಲ್ಲಿ ಸವರಿ ನೋಡಿದೆ.

ಹೇಗೆ ಹಾಕಬೇಕು ಎಂದು ಚಿತ್ರ ಹಾಕಿದ ಒಂದು ಹಾಳೆಯೂ ಇತ್ತು. ನನಗೆ ಜರ್ಮನ್ ಒಂದಕ್ಷರ ಬಾರದು, ಆದರೂ ಚಿತ್ರ ನೋಡಿಯೇ ತಿಳಿಯಿತು. ಜನ ಹೆಚ್ಚಾಗಿ ತಪ್ಪುವುದು ಎರಡು ಕಡೆ. ಘೋಷಣೆಗೆ ಸಹಿ ಮರೆಯುತ್ತಾರೆ. ಇಲ್ಲವೇ ಘೋಷಣೆಯನ್ನು ಒಳಗಿನ ಕವರಿಗೇ ಹಾಕಿಬಿಡುತ್ತಾರೆ. ನಮ್ಮಲ್ಲಿ ಎಣಿಕೆಯ ದಿನ ಅಂಚೆ ಮತಗಳು ತಿರಸ್ಕಾರ ಆಗುವುದೂ ಇಂಥ ತಪ್ಪುಗಳಿಂದಲೇ.

ತೊಂದರೆ ಬಂದದ್ದು ನಮ್ಮ ಮಲೆನಾಡಿನ ಹವೆಯಿಂದ. ಮುಂಗಾರಿಗೆ ಮೊದಲಿನ ಮಳೆ ಆಗಲೇ ಜೋರಾಗಿತ್ತು. ತಂಡಿಗೆ ಒಳಗಿನ ಕವರಿನ ಅಂಟು ತಾನಾಗಿಯೇ ಹಿಡಿದುಕೊಂಡಿತ್ತು. ಸೊಸೆ ಎಳೆಯಲು ಹೋದಳು, ನಾನು ತಡೆದೆ. ಒಲೆಯ ದಂಡೆಯ ಮೇಲೆ, ಬೆಂಕಿಗೆ ದೂರದಲ್ಲಿ, ಒಂದು ತಟ್ಟೆಯೊಳಗೆ ಅರ್ಧ ಗಂಟೆ ಇಟ್ಟೆ. ಒಣಗಿದ ಮೇಲೆ ಸ್ಟೀಲ್ ಸ್ಕೇಲಿನ ತುದಿಯನ್ನು ಮೆಲ್ಲಗೆ ತೂರಿಸಿ ಬಿಡಿಸಿದೆ. ಒಂದು ನೂಲಿನಷ್ಟೂ ಹರಿಯಲಿಲ್ಲ. ಮಳೆಗಾಲದ ಹತ್ತಿರ ಇಂಥ ಕಾಗದ ತರಿಸುವವರು ಬಂದ ಕೂಡಲೇ ಬಿಚ್ಚಿ, ಕವರುಗಳನ್ನು ಬೆಚ್ಚಗಿನ ಜಾಗದಲ್ಲಿಡಿ.

ಮಾರನೇ ದಿನ ಬೆಳಿಗ್ಗೆ ಸೊಸೆ ಮತಪತ್ರ, ಪೆನ್ನು ಹಿಡಿದುಕೊಂಡು ಮೆತ್ತಿಗೆ ಹತ್ತಿದಳು. ಮಗ ಹಿಂದೆಯೇ ಹೊರಟ. "ನೀನೆಲ್ಲಿಗೆ?" ಎಂದು ಕೆಳಗೇ ನಿಲ್ಲಿಸಿದೆ. ಗಂಡನಾಗಲಿ, ಅತ್ತೆಯಾಗಲಿ, ವೋಟಿನ ಕಾಗದದ ಹತ್ತಿರ ಬರಬಾರದು. ನಾನು ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಕಾಲು ಗಂಟೆ ಬಿಟ್ಟು ಇಳಿದು ಬಂದಳು, ಒಳಗಿನ ಕವರ್ ಅಂಟಿಸಿಯಾಗಿತ್ತು. ನಮ್ಮೆದುರೇ ಘೋಷಣೆಗೆ ಸಹಿ ಹಾಕಿ, ಎರಡನ್ನೂ ಕೆಂಪು ಕವರಿಗೆ ಹಾಕಿ ಮುಚ್ಚಿದಳು. ಯಾರಿಗೆ ಹಾಕಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮನೆಗೇ ಬರುವ ಕಾಗದಕ್ಕೆ ಇದೊಂದು ಅಪಾಯ ಇದ್ದೇ ಇದೆ. ಬೂತಿನಲ್ಲಿ ಮರೆ ಕಟ್ಟಲು ನಾವಿರುತ್ತೇವೆ. ಮನೆಯಲ್ಲಿ ಆ ಮರೆಯನ್ನು ಮನೆಯವರೇ ಕಟ್ಟಬೇಕು. ಎಲ್ಲ ಮನೆಯಲ್ಲೂ ಕಟ್ಟುತ್ತಾರೆ ಎಂದು ನಾನು ಹೇಳಲಾರೆ.

ಈಗ ಕೊರಿಯರ್ ಕಥೆ. ಜರ್ಮನಿಯ ಒಳಗೆ ಆ ಕೆಂಪು ಕವರಿಗೆ ಅಂಚೆ ಖರ್ಚಿಲ್ಲ. ಹೊರದೇಶದಿಂದ ಆದರೆ ಖರ್ಚು ನಮ್ಮದು. ಮತ್ತೆ, ಅಲ್ಲಿ ಲೆಕ್ಕಕ್ಕೆ ಬರುವುದು ಕಳಿಸಿದ ದಿನ ಅಲ್ಲ, ಮುಟ್ಟಿದ ಹೊತ್ತು. ಜೂನ್ 9, ಭಾನುವಾರ, ಸಂಜೆ 6 ಗಂಟೆಯೊಳಗೆ ಕಾಗದ ಅಲ್ಲಿರಬೇಕು. ಒಂದು ನಿಮಿಷ ತಡವಾದರೂ ಎಣಿಸುವುದಿಲ್ಲ. ಹಾಗಾಗಿ ಬೇಗ ಹೋಗಲಿ ಎಂದು ಮೇ 22ರಂದು ಒಂದು ಖಾಸಗಿ ಕೊರಿಯರ್ ಏಜೆಂಟರ ಹತ್ತಿರ ಕೊಟ್ಟೆವು. ಹೆಸರು ಬರೆಯುವುದಿಲ್ಲ. ದುಡ್ಡು ಜಾಸ್ತಿಯೇ ತೆಗೆದುಕೊಂಡರು. "ಐದು ದಿನದಲ್ಲಿ ಡೆಲಿವರಿ" ಎಂದರು.

ಶನಿವಾರ, 25ಕ್ಕೆ ಫೋನ್ ಬಂತು. ಕವರ್ ಇನ್ನೂ ಇಲ್ಲೇ ಇದೆ ಎಂದರು. ತೆಗೆದುಕೊಳ್ಳುವವರ ಫೋನ್ ನಂಬರ್ ಇಲ್ಲ, ಒಳಗೆ ಏನಿದೆ ಎಂದು ಒಡೆದು ತೋರಿಸಬೇಕು, ಆಮೇಲೆ ನಾವೇ ಬೇರೆ ಕವರ್ ಹಾಕಿ ಕಳಿಸುತ್ತೇವೆ ಎಂದರು. ಅದು ವೋಟು, ಒಡೆದರೆ ಸತ್ತುಹೋಗುತ್ತದೆ ಎಂದೆ. "ಮೇಡಂ, ಒಡೆದು ಮತ್ತೆ ಅಂಟಿಸಿದರೆ ಯಾರಿಗೆ ಗೊತ್ತಾಗುತ್ತೆ?" ಎಂದರು ಆ ಕಡೆಯವರು.

ನನಗೆ ಬಂದ ಸಿಟ್ಟನ್ನು ಹೇಗೆ ಬರೆಯಲಿ? ಪ್ರತಿ ಚುನಾವಣೆಯಲ್ಲಿ ಅರಗು ಕಾಯಿಸಿ, ಬೆರಳು ಸುಟ್ಟುಕೊಂಡು ಸೀಲ್ ಹಾಕಿದವಳು ನಾನು. ಮುಚ್ಚಿದ ವೋಟನ್ನು ಒಡೆದು ಅಂಟಿಸುವುದು ಅವರಿಗೆ ಇಷ್ಟು ಸಲೀಸು. ದಬಾಯಿಸಲಿಲ್ಲ. ಕವರ್ ಹಾಗೇ ಇಡಿ, ಮುಟ್ಟಬೇಡಿ, ಸೋಮವಾರ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದೆ. ದುಡ್ಡು ಪೂರ್ತಿ ವಾಪಸ್ ಕೊಟ್ಟರು, ಅದನ್ನೂ ಹೇಳಬೇಕು. ಆದರೆ ಐದು ದಿನ ಹೋಯಿತು. ಆ ಐದು ದಿನವನ್ನು ಯಾರು ವಾಪಸ್ ಕೊಡುತ್ತಾರೆ?

ಮೇ 27, ಸೋಮವಾರ. ಏಜೆಂಟರ ಹತ್ತಿರ ಕವರ್ ತೆಗೆದುಕೊಂಡು, ಅಂಚನ್ನೆಲ್ಲ ಬೆಳಕಿಗೆ ಹಿಡಿದು ನೋಡಿ, ನಾನೂ ಸೊಸೆಯೂ ಶಿವಮೊಗ್ಗದ ಬಸ್ಸು ಹತ್ತಿದೆವು. ಅರವತ್ತು ಚಿಲ್ಲರೆ ಕಿಲೋಮೀಟರ್. ಮಂಡಗದ್ದೆ ದಾಟಿ ಸಕ್ರೆಬೈಲಿನ ಹತ್ತಿರ ಬರುವಾಗ ಮಳೆ ಹಿಡಿಯಿತು, ಬಸ್ಸಿನ ಕಿಟಕಿಯಿಂದ ಎರಚಲು ಬಂತು. ಕವರನ್ನು ಎರಡು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಸೊಸೆ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಶಿವಮೊಗ್ಗ ಪ್ರಧಾನ ಅಂಚೆ ಕಚೇರಿ. ಸ್ಪೀಡ್ ಪೋಸ್ಟ್ ಕೌಂಟರಿನಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದರು. ಮೂವತ್ತರ ಆಸುಪಾಸು. ಕವರ್ ತಿರುಗಿಸಿ ನೋಡಿ, "ಎಂತ ಇದು ಅಮ್ಮ, ಇಷ್ಟು ಕೆಂಪಗೆ?" ಎಂದರು. ವೋಟು ಎಂದೆ. ವಿಷಯ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ನಾನು ಕೂಡ ಈ ಸಲ ಮೊದಲು ವೋಟು ಹಾಕಿ ಆಮೇಲೆ ತಿಂಡಿ ತಿಂದೆ" ಎಂದು ನಕ್ಕರು.

ಆಮೇಲೆ ಅವರು ಮಾಡಿದ ಕೆಲಸವನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಒಳ್ಳೆಯ ಸೇವೆ ಎಂದರೆ ನನ್ನ ಪ್ರಕಾರ ಇದು. ಒಡೆಯುವ ಮಾತೇ ಎತ್ತಲಿಲ್ಲ. ಕೆಂಪು ಕವರಿನ ಮೇಲೆ ಅಚ್ಚಾಗಿದ್ದ ವಿಳಾಸ ಓದಿ, "ಇದರಲ್ಲಿ ದೇಶದ ಹೆಸರೇ ಇಲ್ಲವಲ್ಲ" ಎಂದರು. ಹೌದು, ಒಳನಾಡಿಗೆ ಎಂದು ಅಚ್ಚು ಹಾಕಿದ ಕವರ್ ಅದು. ಅಷ್ಟು ದಿನ ಮನೆಯಲ್ಲಿಟ್ಟುಕೊಂಡ ನಮಗೆ ಮೂವರಿಗೂ ಅದು ಕಂಡಿರಲಿಲ್ಲ. ಕೆಂಪು ಕವರನ್ನು ಹಾಗೇ ಒಂದು ದಪ್ಪ ಕಂದು ಕವರಿನೊಳಗೆ ಇಡಿ, ಹೊರಗೆ ಪೂರ್ತಿ ವಿಳಾಸ ಬರೆದು ಜರ್ಮನಿ ಎಂದು ದೊಡ್ಡ ಅಕ್ಷರದಲ್ಲಿ ಹಾಕಿ ಎಂದರು. ಕಾಗದ ಪತ್ರ ಮಾತ್ರ ಎಂದು ನಮೂದು ಮಾಡಿಕೊಂಡರು. ಸೊಸೆಯ ಪಾಸ್‌ಪೋರ್ಟಿನ ನಕಲು ತೆಗೆದುಕೊಂಡರು. ತೂಕ ಹಾಕಿದರು. ಒಟ್ಟು ಖರ್ಚು ಎರಡು ಸಾವಿರದ ಒಳಗೇ ಆಯಿತು, ಕೊರಿಯರಿನವರು ಕೇಳಿದ್ದರ ಅರ್ಧವೂ ಇಲ್ಲ. ರಸೀದಿಯಲ್ಲಿ 13 ಅಕ್ಷರದ ನಂಬರ್ ಇರುತ್ತದೆ, ಇ ಇಂದ ಶುರುವಾಗಿ ಐಎನ್ ಎಂದು ಮುಗಿಯುತ್ತದೆ. ಅದರ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು ಕೊಟ್ಟು, "ಇದೇ ನಂಬರ್ ಅಲ್ಲಿನ ಅಂಚೆಯವರ ಸೈಟಿನಲ್ಲೂ ನಡೆಯುತ್ತೆ, ಎರಡೂ ಕಡೆ ನೋಡ್ತಾ ಇರಿ" ಎಂದರು. "ಸಂಜೆ ಬ್ಯಾಗಿಗೆ ಇದು ಹೋಗುತ್ತೆ, ನಾನೇ ನೋಡಿ ಹಾಕ್ತೇನೆ" ಎಂದೂ ಹೇಳಿದರು.

ಹೊರಗೆ ಬಂದ ಮೇಲೆ ಸೊಸೆ ಒಂದು ಮಾತು ಹೇಳಿದಳು. "ಅಮ್ಮ, ಅವರಿಗೆ ನನ್ನ ಪಾರ್ಲಿಮೆಂಟು ಯಾವುದು ಎಂದೂ ಗೊತ್ತಿಲ್ಲ. ಆದರೂ ತಮ್ಮದೇ ವೋಟಿನ ಹಾಗೆ ನೋಡಿಕೊಂಡರು." ಇಬ್ಬರೂ ಹತ್ತಿರದ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಮಧ್ಯಾಹ್ನದ ಬಸ್ಸಿಗೆ ವಾಪಸ್ ಬಂದೆವು.

ನಮ್ಮ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ. ತೋಟದ ಮೇಲಿನ ಗುಡ್ಡದಲ್ಲಿ, ಹಳೇ ಹಲಸಿನ ಮರದ ಹತ್ತಿರ ಎರಡು ಕಡ್ಡಿ ಬರುತ್ತದೆ. ದಿನಕ್ಕೆ ಎರಡು ಸಲ ಕೊಡೆ ಹಿಡಿದು ಅಲ್ಲಿಗೆ ಹೋಗಿ ನೋಡುವುದೇ ಕೆಲಸ. ಮಾರನೇ ದಿನವೇ ಬೆಂಗಳೂರು ಎಂದು ಬಂತು. ದೇಶ ಬಿಟ್ಟ ಮೇಲೆ ಅಲ್ಲಿ ಇಳಿಯುವ ತನಕ ಏನೂ ಕಾಣಿಸುವುದಿಲ್ಲ. ಅದು ಸಹಜ, ಗಾಬರಿ ಬೇಡ. ನಾನು ಮಾತ್ರ ಗಾಬರಿಯಾದೆ. ಜೂನ್ 1ಕ್ಕೆ ಫ್ರಾಂಕ್‌ಫರ್ಟ್ ಎಂದು ಕಂಡಿತು. ಜೂನ್ 4ರಂದು ಇಲ್ಲಿ ನಮ್ಮ ಲೋಕಸಭೆಯ ಎಣಿಕೆ, ಮನೆಯವರೆಲ್ಲ ಟಿವಿ ಮುಂದೆ. ನನಗೂ ಸೊಸೆಗೂ ಗುಡ್ಡದ ಕಡೆಗೇ ಕಣ್ಣು. ಜೂನ್ 5, ಬುಧವಾರ ಸಂಜೆ, ಡೆಲಿವರಿ ಆಗಿದೆ ಎಂದು ಬಂತು. ಒಂಬತ್ತು ದಿನ. ಕಡೆಯ ಗಡುವಿಗೆ ಇನ್ನೂ ನಾಲ್ಕು ದಿನ ಇತ್ತು. ಗುಡ್ಡದ ಮೇಲಿಂದಲೇ "ಅಮ್ಮಾ" ಎಂದು ಕೂಗಿದಳು. ಆ ಕೂಗು ಕೊಟ್ಟಿಗೆಯಲ್ಲಿದ್ದ ನನಗೆ ಕೇಳಿತು.

ಜೂನ್ 9ರ ಭಾನುವಾರ ರಾತ್ರಿ ಟಿವಿಯಲ್ಲಿ ದೆಹಲಿಯ ಪ್ರಮಾಣವಚನ ನೋಡಿ ಮುಗಿಸುವ ಹೊತ್ತಿಗೆ ಜರ್ಮನಿಯಲ್ಲಿ ಮತದಾನ ಮುಗಿಯಿತು. ಅಲ್ಲಿ ಸಂಜೆ 6 ಎಂದರೆ ನಮಗೆ ರಾತ್ರಿ ಒಂಬತ್ತೂವರೆ. ಕೆಂಪು ಕವರುಗಳನ್ನು ಅದೇ ದಿನ ಮಧ್ಯಾಹ್ನ ಒಡೆದು, ಸಹಿ ನೋಡಿ, ಒಳಗಿನ ಕವರುಗಳನ್ನು ಪೆಟ್ಟಿಗೆಗೆ ಹಾಕಿರುತ್ತಾರೆ. 6 ಗಂಟೆಯ ಮೇಲೆ ಎಣಿಕೆ. ಯಾರು ಬೇಕಾದರೂ ಹೋಗಿ ನಿಂತು ನೋಡಬಹುದು. ಸೊಸೆಯ ಅಕ್ಕನ ಮಗಳಿಗೆ 16. ಈ ಚುನಾವಣೆಯಲ್ಲಿ ಜರ್ಮನಿಯವರು 16 ತುಂಬಿದವರಿಗೂ ವೋಟು ಕೊಟ್ಟಿದ್ದರು, ಮೊದಲ ಸಲ. ಅವಳು ವಿಡಿಯೋ ಕಾಲಿನಲ್ಲಿ ಬಂದು ವೋಟು ಹಾಕಿದ ಕಥೆಯನ್ನು ಕೈ ಬೀಸಿ ಬೀಸಿ ಹೇಳಿದಳು. 1989ರಲ್ಲಿ ನನ್ನ ಬೂತಿಗೆ ಬಂದ ಹದಿನೆಂಟರ ಹುಡುಗಿಯರ ಮುಖ ನೆನಪಾಯಿತು.

96 ಸೀಟಿನಲ್ಲಿ 29 ಅಲ್ಲಿನ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷ ಮತ್ತು ಬವೇರಿಯಾದ ಅದರ ಜೊತೆಗಾರ ಪಕ್ಷಕ್ಕೆ ಬಂತು. ಒಟ್ಟು 15 ಪಕ್ಷಗಳಿಗೆ ಸೀಟು ಸಿಕ್ಕಿತು. ನೂರಕ್ಕೆ ಒಂದು ವೋಟೂ ಪೂರ್ತಿ ಬಾರದ ಮೂರು ಪಕ್ಷಗಳಿಗೂ ಒಂದೊಂದು ಸೀಟು. ನಮ್ಮಲ್ಲಿ ಗೆದ್ದವರಿಗೆ ಹಾಕಿದ್ದು ಬಿಟ್ಟು ಉಳಿದ ವೋಟಿಗೆಲ್ಲ ಆ ಕ್ಷೇತ್ರದಲ್ಲಿ ಏನೂ ಸಿಗುವುದಿಲ್ಲ ಅಲ್ವಾ. ಹಾಗೆಂದು ನಮ್ಮದು ತಪ್ಪು ಎನ್ನುತ್ತಿಲ್ಲ. ನಮ್ಮ ಊರಿಗೆ ಒಬ್ಬರು ಎಂಪಿ ಇದ್ದಾರೆ, ರಸ್ತೆ ಹಾಳಾದರೆ ಅವರ ಬಾಗಿಲು ತಟ್ಟಬಹುದು. ಸೊಸೆಗೆ ಆ ಬಾಗಿಲು ಇಲ್ಲ.

ಅಂಕ ಕೊಡುವುದಾದರೆ, ಜರ್ಮನಿಯ ಅಂಚೆ ಮತಕ್ಕೆ ಐದಕ್ಕೆ ಮೂರೂವರೆ. ಕಾಗದ, ಚಿತ್ರದ ಹಾಳೆ, ಕತ್ತರಿಸಿದ ಮೂಲೆ, ಮತದಾರರ ಮೇಲೆ ಇಟ್ಟ ನಂಬಿಕೆ ಎಲ್ಲ ಚೆನ್ನಾಗಿದೆ. ಕಳೆದ ಒಂದೂವರೆ ಅಂಕಕ್ಕೆ ಕಾರಣ ಇದೆ. ಮತಪತ್ರ ಕಳಿಸುವುದು ತಡ, ಮುಟ್ಟಬೇಕಾದ ಗಡುವು ಬಿಗಿ, ನಡುವಿನ ದೂರ ಪೂರ್ತಿ ಮತದಾರರ ತಲೆಯ ಮೇಲೆ. ಮೇ 20ಕ್ಕೆ ಬಂದ ಕಾಗದವನ್ನು ನಮ್ಮಂಥ ಕಾಡುಮೂಲೆಯಿಂದ ಜೂನ್ 9ರೊಳಗೆ ಮುಟ್ಟಿಸುವುದು ಸುಲಭ ಅಲ್ಲ. ಇನ್ನೊಂದು, ತನ್ನ ವೋಟನ್ನು ಎಣಿಕೆಗೆ ತೆಗೆದುಕೊಂಡರೋ ಇಲ್ಲವೋ ಎಂದು ಸೊಸೆಗೆ ಯಾರೂ ತಿಳಿಸುವುದಿಲ್ಲ. ಕವರ್ ಮುಟ್ಟಿತು ಎಂಬುದಷ್ಟೇ ನಮಗೆ ಗೊತ್ತು, ಅದೂ ಸ್ಪೀಡ್ ಪೋಸ್ಟಿನ ದಯದಿಂದ.

ಶಿವಮೊಗ್ಗದ ಆ ಕೌಂಟರಿಗೆ ಐದಕ್ಕೆ ಐದು. ಪೋಸ್ಟ್‌ಮ್ಯಾನಿಗೂ ಐದು.

ಮಗನಂಥವರಿಗೂ ಹೀಗೆ ಕಾಗದ ಬರುವ ಹಾಗೆ ಆಗಲಿ ಎಂಬುದು ನನ್ನ ಆಸೆ. ಗಡಿಯಲ್ಲಿರುವ ನಮ್ಮ ಸೈನಿಕರಿಗೆ ಈಗ ಮತಪತ್ರ ಕಂಪ್ಯೂಟರಿನಲ್ಲಿ ಹೋಗುತ್ತದೆ, ಅವರು ಗುರುತು ಹಾಕಿ ಅಂಚೆಯಲ್ಲಿ ಕಳಿಸುತ್ತಾರೆ. ಮತಪತ್ರ ಹೋಗಿ ಮುಟ್ಟಲು ಬೇಕಾಗುವ ಅಷ್ಟು ದಿನ ಉಳಿತಾಯವಾಗುತ್ತದೆ. ಹೊರದೇಶದಲ್ಲಿರುವವರಿಗೂ ಅದನ್ನೇ ಮಾಡಬಹುದು ಎಂದು ನನಗೆ ಅನ್ನಿಸುತ್ತದೆ.

ಯುರೋಪಿನ ಮುಂದಿನ ಚುನಾವಣೆ 2029ರಲ್ಲಿ. ಅದೂ ಬೇಸಿಗೆ ರಜೆಯ ಹೊತ್ತೇ, ಅವರು ಇಲ್ಲೇ ಇದ್ದರೂ ಇರಬಹುದು. ಸ್ಪೀಡ್ ಪೋಸ್ಟ್ ರಸೀದಿಯನ್ನು ನನ್ನ ಹಳೇ ಡ್ಯೂಟಿ ಆರ್ಡರುಗಳ ಫೈಲಿನಲ್ಲಿ ಇಟ್ಟಿದ್ದೇನೆ. ದೇಶದ ಹೆಸರು ಬರೆಯಲು ಮರೆಯಬಾರದು ಎಂದು ಅದರ ಹಿಂದೆ ಬರೆದಿಟ್ಟಿದ್ದೇನೆ.